ಹಳೆಯ ಕಾರಿಗೆ ಹೊಸ ಬ್ಯಾಟರಿ: ಚೀಟಿ ನೋಡಬೇಡಿ, ಕಾರು ನೋಡಿ

ಕಾರಿನ ಬ್ಯಾಟರಿ ಬದಲಿಸಲು ಹೊರಟವರು ಸಾಮಾನ್ಯವಾಗಿ ಮಾಡುವುದು ಇಷ್ಟೇ: ಬಾನೆಟ್ ಎತ್ತಿ, ಒಳಗಿರುವ ಬ್ಯಾಟರಿಯ ಮೇಲಿನ ಚೀಟಿಯ ಫೋಟೊ ತೆಗೆದು, ಅಂಗಡಿಯವರ ಮುಂದೆ ಹಿಡಿದು, 'ಇಂಥದ್ದೇ ಒಂದು ಕೊಡಿ' ಎನ್ನುವುದು. ಹೊಸ ಕಾರಿನ ಮಟ್ಟಿಗೆ ಇದರಲ್ಲಿ ತಪ್ಪೇನಿಲ್ಲ. ಐವತ್ತು-ಅರವತ್ತು ವರ್ಷ ದಾಟಿದ ಕಾರಿನಲ್ಲಿ ಮಾತ್ರ ಆ ಚೀಟಿಯನ್ನು ನಂಬುವ ಹಾಗಿಲ್ಲ. ಅಲ್ಲಿ ಕೂತಿರುವುದು ಕಾರ್ಖಾನೆ ಇಟ್ಟ ಬ್ಯಾಟರಿಯಲ್ಲ. ಕೈ ಬದಲಾಯಿಸಿದ ಹತ್ತಾರು ಮಾಲೀಕರಲ್ಲಿ ಯಾರೋ ಒಬ್ಬರು, ಯಾವುದೋ ಅವಸರದಲ್ಲಿ, ಸಿಕ್ಕಿದ್ದನ್ನು ತಂದು ಕೂರಿಸಿದ್ದು.

ನಾನೂ ಹೀಗೆ ಮೋಸಹೋದವನೇ. ಮೊದಲ ಹಳೆಯ ಕಾರು ಕೈಗೆ ಬಂದಾಗ ಒಳಗಿದ್ದ ಬ್ಯಾಟರಿಯ ತದ್ರೂಪನ್ನೇ ತಂದು ಇಟ್ಟೆ. ಒಂದು ವಾರವೂ ಆಗಿರಲಿಲ್ಲ, ಹಳ್ಳ-ದಿಣ್ಣೆಯ ರಸ್ತೆಯಲ್ಲಿ ಬಾನೆಟ್ ಕೆಳಗಿಂದ ಚಟ್ ಎಂದು ಸದ್ದು, ಹಿಂದೆಯೇ ಸುಟ್ಟ ವಾಸನೆ. ಬ್ಯಾಟರಿ ಒಂದು ಬೆರಳು ಎತ್ತರ ಹೆಚ್ಚಾಗಿ, ಟರ್ಮಿನಲ್ ಹೋಗಿ ಬಾನೆಟ್ಟಿನ ತಗಡಿಗೆ ತಾಗುತ್ತಿತ್ತು. ಟಾರ್ಚ್ ಬಿಟ್ಟು ನೋಡಿದರೆ ಹೊಸ ಸುಟ್ಟಗಲೆಯ ಪಕ್ಕದಲ್ಲೇ ಹಳೆಯದೊಂದು ಕಲೆ. ಹಿಂದಿನ ಮಾಲೀಕರ ತಪ್ಪನ್ನು ನಾನು ದುಡ್ಡು ಕೊಟ್ಟು ನಕಲು ಮಾಡಿದ್ದೆ.

ಹಾಗಾಗಿ ಇಲ್ಲಿನ ಕ್ರಮ ಹೀಗಿದೆ: ಮೊದಲು ಕಾರು, ಆಮೇಲೆ ಅದರ ಡೈನಮೋ (ಇಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಯಂತ್ರ), ಕಡೆಗೆ ಬ್ಯಾಟರಿ. ಕೈಯಲ್ಲಿ ಒಂದು ಮಲ್ಟಿಮೀಟರ್, ಅಳತೆ ಟೇಪು, ಟಾರ್ಚು ಇರಲಿ. ಆ ಮಾದರಿಯ ವರ್ಕ್‌ಶಾಪ್ ಮ್ಯಾನ್ಯುಯಲ್ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

1. ತಪ್ಪು ಬ್ಯಾಟರಿಯದ್ದೇ ಹೌದೇ?

ಹಳೆಯ ಕಾರು ಸೆಲ್ಫ್ ಎತ್ತಲಿಲ್ಲ ಎಂದರೆ ಎಲ್ಲರೂ ಮೊದಲು ಬೈಯುವುದು ಬ್ಯಾಟರಿಯನ್ನು. ಎಷ್ಟೋ ಸಲ ಅದು ನಿರಪರಾಧಿ. ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ತೆಗೆದು, ಕೆಲವು ಗಂಟೆ ಸುಮ್ಮನೆ ಬಿಟ್ಟು ವೋಲ್ಟೇಜ್ ಅಳೆಯಿರಿ. 12 ವೋಲ್ಟಿನ ಸಾದಾ ಆಸಿಡ್ ಬ್ಯಾಟರಿ 12.6ರಿಂದ 12.7 ತೋರಿಸಿದರೆ ತುಂಬಿದೆ, 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0ಕ್ಕೆ ಇಳಿದರೆ ಕಾಲುಭಾಗ ಮಾತ್ರ. 6 ವೋಲ್ಟಿನದಾದರೆ ಇವನ್ನೇ ಅರ್ಧ ಮಾಡಿ: ತುಂಬಿದ್ದು 6.3, ಅರ್ಧದಲ್ಲಿ 6.1.

ಮುಚ್ಚಳ ತೆಗೆಯಲು ಬರುವ ಬ್ಯಾಟರಿಯಾದರೆ ಹೈಡ್ರೋಮೀಟರ್ ಇನ್ನೂ ನಂಬಿಗಸ್ತ ಸಾಕ್ಷಿ. ತುಂಬಿದ ಸೆಲ್ಲಿನ ಆಸಿಡ್ ಸಾಂದ್ರತೆ 1.265ರಿಂದ 1.280ರ ಆಸುಪಾಸಿನಲ್ಲಿರುತ್ತದೆ. ಒಂದೊಂದು ಸೆಲ್ಲನ್ನೂ ಬೇರೆಬೇರೆಯಾಗಿ ನೋಡಬೇಕು. ಐದು ಸೆಲ್ 1.260 ತೋರಿಸಿ ಒಂದು ಮಾತ್ರ 1.180ರಲ್ಲಿ ಕೂತಿದ್ದರೆ ಆ ಬ್ಯಾಟರಿಯ ಆಯಸ್ಸು ಮುಗಿದಿದೆ. ಚಾರ್ಜ್ ಮಾಡಿ ಇನ್ನೊಂದು ವಾರ ತಳ್ಳಬಹುದು, ಅಷ್ಟೇ.

ಮುಂದಿನದು ಸೆಲ್ಫ್ ಹೊಡೆಯುವಾಗಿನ ಪರೀಕ್ಷೆ. ಮೀಟರ್ ಕಡ್ಡಿಗಳನ್ನು ಬ್ಯಾಟರಿಯ ಎರಡು ಕಂಬಗಳ (ಟರ್ಮಿನಲ್‌ಗಳ) ಮೇಲೇ ಇಡಿ, ಕೇಬಲ್ಲಿನ ಕ್ಲ್ಯಾಂಪಿನ ಮೇಲಲ್ಲ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. 12 ವೋಲ್ಟಿನ ಬ್ಯಾಟರಿ 9.6ಕ್ಕಿಂತ ಕೆಳಗೆ ಕುಸಿದರೆ ಅನುಮಾನ ಸರಿ, 6ರದ್ದಾದರೆ 4.8. ಕುಸಿಯದೆ ನಿಂತಿದೆ, ಆದರೂ ಇಂಜಿನ್ ನಿಧಾನ ತಿರುಗುತ್ತಿದೆ ಎಂದರೆ ಕಳ್ಳ ಬೇರೆ ಕಡೆ ಇದ್ದಾನೆ. ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ತ್ ಕಂಬಕ್ಕೂ (ಕಾರಿನ ಬಾಡಿಗೆ ಕಟ್ಟಿರುವ ಕಂಬ) ಇನ್ನೊಂದನ್ನು ಇಂಜಿನ್ ಬ್ಲಾಕಿನ ಹೊಳೆಯುವ ಲೋಹಕ್ಕೂ ಒತ್ತಿ ಮತ್ತೆ ಸೆಲ್ಫ್ ಹೊಡೆಸಿ. ಅಲ್ಲಿ 0.2 ವೋಲ್ಟಿಗಿಂತ ಬಹಳ ಹೆಚ್ಚು ಕಂಡರೆ ಅರ್ತ್ ದಾರಿಯಲ್ಲಿ ತುಕ್ಕೋ ಬಣ್ಣವೋ ಅಡ್ಡ ನಿಂತಿದೆ. ಇಂಜಿನ್ನು ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಅದಕ್ಕೂ ಚಾಸಿಗೂ ನಡುವೆ ಒಂದು ಹೆಣೆದ ಪಟ್ಟಿ ಇರಬೇಕು. ಹೊಸದಾಗಿ ಬಣ್ಣ ಹೊಡೆಸಿದ ಕಾರುಗಳಲ್ಲಿ ಈ ಪಟ್ಟಿಯ ಬೋಲ್ಟ್ ಕೂರುವ ಜಾಗಕ್ಕೂ ಚೆಂದವಾಗಿ ಬಣ್ಣ ಬಳಿದಿರುತ್ತಾರೆ. ಕಾರು ಫಳಫಳ, ಸೆಲ್ಫ್ ಮಾತ್ರ ಗರ್... ಗರ್...

2. ಆರೋ, ಹನ್ನೆರಡೋ?

ಸೀಸ-ಆಸಿಡ್ ಬ್ಯಾಟರಿಯ ಒಂದು ಸೆಲ್ ಕೊಡುವುದು ಸುಮಾರು 2.1 ವೋಲ್ಟ್. ಮೂರು ಸೆಲ್ ಸೇರಿದರೆ 6ರ ಬ್ಯಾಟರಿ, ಆರು ಸೇರಿದರೆ 12ರದ್ದು. ಮುಚ್ಚಳ ಎಣಿಸಿದರೆ ಸಾಕು ಎನ್ನಬಹುದು. ಆದರೆ ನೆನಪಿರಲಿ, ಒಳಗಿರುವ ಬ್ಯಾಟರಿ ನಮಗೆ ಸಾಕ್ಷಿಯಲ್ಲ. ಬಲ್ಬಿನ ಲೋಹದ ಬುಡದ ಮೇಲಿನ ಅಂಕಿ, ಇಗ್ನಿಷನ್ ಕಾಯಿಲ್ ಮೇಲಿನ ಬರಹ, ಡೈನಮೋ ಮತ್ತು ಸೆಲ್ಫ್ ಮೋಟಾರಿನ ಮೇಲೆ ಹೊಡೆದ ತಗಡು ಇವನ್ನು ಓದಿ. ಮೂರರಲ್ಲಿ ಎರಡು ಒಂದೇ ಮಾತು ಹೇಳಿ ಮೂರನೆಯದು ಬೇರೆ ಹೇಳಿದರೆ, ಯಾರೋ 6ರಿಂದ 12ಕ್ಕೆ ಅರ್ಧ ಪರಿವರ್ತನೆ ಮಾಡಿ ಬಿಟ್ಟಿದ್ದಾರೆ ಎಂದರ್ಥ. ಅದನ್ನು ಬಗೆಹರಿಸದೆ ಬ್ಯಾಟರಿ ಕೊಳ್ಳಬೇಡಿ.

ಇಸವಿಯಿಂದ ಒಂದು ಅಂದಾಜು ಸಿಗುತ್ತದೆ. ಅಮೆರಿಕದ ಬಹುತೇಕ ಕಾರುಗಳು 1955-56ರ ಹೊತ್ತಿಗೆ 6ರಿಂದ 12ಕ್ಕೆ ಬಂದವು. ಅಮೆರಿಕಕ್ಕೆ ಹೋದ ಫೋಕ್ಸ್‌ವ್ಯಾಗನ್ ಬೀಟಲ್‌ಗಳು 1967ರ ಮಾದರಿಯಿಂದ 12. ಬೇರೆಡೆ ಮಾರಿದ ಸರಳ ಮಾದರಿಗಳು ಆಮೇಲೂ ಕೆಲಕಾಲ 6ರಲ್ಲೇ ಉಳಿದವು. ಬ್ರಿಟನ್ನಿನ ಎಷ್ಟೋ ಕಾರುಗಳು 1930ರ ದಶಕದಲ್ಲೇ 12 ವೋಲ್ಟ್ ಬಳಸುತ್ತಿದ್ದವು. ಅಲ್ಲಿಯದೇ ಎಂಜಿಬಿ ಕಾರಿನದು ಇನ್ನೊಂದು ರೀತಿ: 1974ರವರೆಗೆ ಸೀಟಿನ ಹಿಂದೆ ಎರಡು 6 ವೋಲ್ಟಿನ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 12 ಮಾಡುತ್ತಿದ್ದರು. ಒಂದನ್ನು ಮಾತ್ರ ನೋಡಿದವರು 'ಇದು ಆರರ ಕಾರು' ಎಂದುಕೊಂಡರೆ ಕೆಟ್ಟಿತು. ಇಂಥ ಜೋಡಿಯಲ್ಲಿ ಒಂದು ಸತ್ತರೂ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಹೊಸದೂ ಹಳೆಯದೂ ಒಂದೇ ಸಾಲಿನಲ್ಲಿದ್ದರೆ ಹಳೆಯದು ಬೇಗ ತಳ ಮುಟ್ಟುತ್ತದೆ, ಹೊಸದಕ್ಕೆ ಬೇಡದಷ್ಟು ಚಾರ್ಜ್ ಬೀಳುತ್ತದೆ.

6 ವೋಲ್ಟಿನ ಕಾರು ಇಟ್ಟುಕೊಂಡವರಿಗೆ ಒಂದು ಮಾತು. 'ಆರು ವೋಲ್ಟ್ ಸಾಲದು' ಎಂಬ ಗೊಣಗಾಟಕ್ಕೆ ಹೆಚ್ಚಿನ ಸಲ ಕಾರಣ ಬ್ಯಾಟರಿಯಲ್ಲ, ಕೇಬಲ್. ಅದೇ ಶಕ್ತಿಗೆ 6 ವೋಲ್ಟಿನಲ್ಲಿ ಎರಡು ಪಟ್ಟು ಕರೆಂಟ್ ಹರಿಯಬೇಕು. ಕೇಬಲ್ಲಿನಲ್ಲಿ ಸೋರಿಹೋಗುವ ವೋಲ್ಟೇಜ್ ಎರಡು ಪಟ್ಟಾಗುತ್ತದೆ. ಇರುವ ವೋಲ್ಟೇಜೇ ಅರ್ಧ. ಒಟ್ಟು ಪಾಲಿನಲ್ಲಿ ನಷ್ಟ ನಾಲ್ಕು ಪಟ್ಟು. ಹಾಗಾಗಿಯೇ ಈ ಕಾರುಗಳ ಮೂಲ ಕೇಬಲ್ ಹೆಬ್ಬೆರಳು ಗಾತ್ರದ್ದು, ತಾಮ್ರವೇ 50ರಿಂದ 70 ಚದರ ಮಿ.ಮೀ. ಇಂದಿನ ಕಾರಿನ 16 ಅಥವಾ 25 ಚದರ ಮಿ.ಮೀ. ಕೇಬಲ್ ಹಾಕಿಕೊಂಡು ಪರದಾಡುವ ಆರರ ಕಾರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೇಬಲ್ ಬದಲಾಯಿಸಿದ ಮೇಲೆ, ಸತ್ತಿತು ಎಂದುಕೊಂಡಿದ್ದ ಬ್ಯಾಟರಿಯೇ ಇನ್ನೆರಡು ವರ್ಷ ಬಂದದ್ದೂ ಇದೆ.

ಇದಕ್ಕೆ ಅಡ್ಡದಾರಿಯಾಗಿ 8 ವೋಲ್ಟಿನ ಬ್ಯಾಟರಿ ಇಡುವ ಹಳೆಯ ಚಾಳಿಯೊಂದಿದೆ. ಸೆಲ್ಫ್ ಜೋರಾಗಿ ತಿರುಗುವುದೇನೋ ನಿಜ. ಆದರೆ ಅದನ್ನು ತುಂಬಿಸಲು ಡೈನಮೋದ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಏರಿಸಬೇಕು, ಏರಿಸಿದರೆ ಬಲ್ಬುಗಳು ಸುಡುತ್ತವೆ, ಏರಿಸದಿದ್ದರೆ ಬ್ಯಾಟರಿ ಎಂದೂ ತುಂಬುವುದಿಲ್ಲ. ನಾನಂತೂ ಆ ಗೋಜಿಗೆ ಹೋಗುವುದಿಲ್ಲ.

3. ಅರ್ತ್ ಯಾವ ಕಂಬದ್ದು?

ಇಂದಿನ ಕಾರುಗಳಲ್ಲೆಲ್ಲ ಬಾಡಿಗೆ ಕಟ್ಟಿರುವುದು ನೆಗೆಟಿವ್ ಕಂಬ. ಹಳೆಯ ಕಾರುಗಳಲ್ಲಿ ಹಾಗೆಂದು ಭಾವಿಸಿದಿರೋ ಹಣ ಸುಟ್ಟುಹೋಗುತ್ತದೆ. ಫೋರ್ಡ್ ಮಾಡೆಲ್ ಎ 6 ವೋಲ್ಟ್, ಪಾಸಿಟಿವ್ ಅರ್ತ್. ಫೋರ್ಡ್ 1955ರವರೆಗೂ ಇದೇ ಪದ್ಧತಿ ಇಟ್ಟುಕೊಂಡು, 1956ರಲ್ಲಿ 12 ವೋಲ್ಟಿನ ಜೊತೆಗೇ ನೆಗೆಟಿವ್‌ಗೆ ಹೊರಳಿತು. ಅದೇ ಕಾಲದ 6 ವೋಲ್ಟಿನ ಷೆವ್ರೊಲೆ ನೆಗೆಟಿವ್ ಅರ್ತ್. ಬ್ರಿಟಿಷ್ ಕಾರುಗಳಲ್ಲಿ 1960ರ ದಶಕದ ನಡುವಿನವರೆಗೆ ಪಾಸಿಟಿವ್ ಅರ್ತ್ ಸಾಮಾನ್ಯ. ಎಂಜಿಬಿ 1967ರ ಕೊನೆಗೆ ಡೈನಮೋ ಜಾಗಕ್ಕೆ ಆಲ್ಟರ್ನೇಟರ್ ಬಂದಾಗ ನೆಗೆಟಿವ್ ಆಯಿತು.

ಇದಕ್ಕೂ ಬ್ಯಾಟರಿ ಆಯ್ಕೆಗೂ ಏನು ಸಂಬಂಧ? ಕೇಬಲ್ಲಿನ ಉದ್ದದ ಸಂಬಂಧ. ಅರ್ತ್ ಪಟ್ಟಿ ಸಾಮಾನ್ಯವಾಗಿ ಗೇಣುದ್ದ, ಎಳೆದರೂ ಬರುವುದಿಲ್ಲ. ನಿಮ್ಮ ಕಾರಿನ ಅರ್ತ್ ಪಟ್ಟಿ ಯಾವ ಮೂಲೆಯಲ್ಲಿದೆಯೋ ಆ ಮೂಲೆಗೆ ಸರಿಯಾದ ಕಂಬ ಬರಬೇಕು. ಒಂದೇ ಅಳತೆಯ ಬ್ಯಾಟರಿಗಳು ಎಡ ಮತ್ತು ಬಲ ಎಂದು ಎರಡು ವಿನ್ಯಾಸಗಳಲ್ಲಿ ಬರುತ್ತವೆ. ಕಂಬಗಳು ನಿಮ್ಮ ಹತ್ತಿರದ ಅಂಚಿಗೆ ಬರುವಂತೆ ನಿಂತು, ಪಾಸಿಟಿವ್ ಎಡಕ್ಕಿರಬೇಕೋ ಬಲಕ್ಕೋ ಎಂದು ಕಾಗದದಲ್ಲಿ ಚಿತ್ರ ಬರೆದುಕೊಳ್ಳಿ. ಬಾಯಿಮಾತಿನಲ್ಲಿ ಹೇಳಿದರೆ ಅಂಗಡಿಯವರ ಎಡವೂ ನಿಮ್ಮ ಎಡವೂ ಬೇರೆಬೇರೆಯಾಗುವ ಅಪಾಯವಿದೆ.

ಪಾಸಿಟಿವ್ ಅರ್ತ್ ಕಾರಿಗೆ ಬೇರೆ ಜಾತಿಯ ಬ್ಯಾಟರಿ ಬೇಕಿಲ್ಲ. ಬ್ಯಾಟರಿ ಅದೇ, ಕಟ್ಟುವುದು ತಿರುಗಾಮುರುಗ. ತಪ್ಪಾಗಿ ಕಟ್ಟಿದರೆ ಸೆಲ್ಫ್ ತಿರುಗುತ್ತದೆ, ದೀಪ ಉರಿಯುತ್ತದೆ, ಎಲ್ಲ ಸರಿಯಿದೆ ಎನಿಸುತ್ತದೆ. ಅಷ್ಟರಲ್ಲಿ ರೇಡಿಯೊ ಅಥವಾ ಆಮೇಲೆ ಹಾಕಿಸಿದ ಎಲೆಕ್ಟ್ರಾನಿಕ್ ಇಗ್ನಿಷನ್ ಸತ್ತಿರುತ್ತದೆ. ಆಲ್ಟರ್ನೇಟರ್ ಇದ್ದರೆ ಅದರ ಡಯೋಡ್‌ಗಳು ಕ್ಷಣದಲ್ಲಿ ಹೋಗುತ್ತವೆ.

ಇದೇ ಜಾಗದಲ್ಲಿ ಒಂದು ಎಚ್ಚರಿಕೆ. ಇನ್ನೊಂದು ಕಾರಿನಿಂದ ಜಂಪ್ ಕೊಡುವಾಗ ನಿಮ್ಮದು ಪಾಸಿಟಿವ್ ಅರ್ತ್, ಅವರದು ನೆಗೆಟಿವ್ ಆಗಿದ್ದರೆ ಎರಡು ಕಾರಿನ ಬಾಡಿಗಳು ಎಲ್ಲಿಯೂ ತಾಗಬಾರದು. ಬಂಪರ್‌ಗೆ ಬಂಪರ್ ಮುಟ್ಟಿದರೂ ನೇರ ಶಾರ್ಟ್.

4. ತಟ್ಟೆ ಅಳೆಯಿರಿ

ಬ್ಯಾಟರಿ ತೆಗೆದು, ಅದು ಕೂರುವ ತಟ್ಟೆಯನ್ನೇ ಅಳೆಯಬೇಕು: ಉದ್ದ, ಅಗಲ, ತಟ್ಟೆಯಿಂದ ಬಾನೆಟ್ ಅಥವಾ ಸೀಟಿನ ತಳದವರೆಗಿನ ಎತ್ತರ. ಎತ್ತರ ತಿಳಿಯಲು ಸುಲಭ ಉಪಾಯ: ಹಿಟ್ಟಿನ ಮುದ್ದೆಯಂಥದ್ದನ್ನೋ ಮಕ್ಕಳಾಡುವ ಜೇಡಿಮಣ್ಣನ್ನೋ ಬ್ಯಾಟರಿಯ ಕಂಬದ ಮೇಲೆ ಗೋಪುರದ ಹಾಗೆ ನಿಲ್ಲಿಸಿ, ಬಾನೆಟ್ ಮೆಲ್ಲಗೆ ಮುಚ್ಚಿ ತೆರೆಯಿರಿ. ಮುದ್ದೆ ಎಷ್ಟಕ್ಕೆ ಅಪ್ಪಚ್ಚಿಯಾಗಿದೆಯೋ ಅಷ್ಟೇ ಜಾಗ. ಅದರಲ್ಲಿ 25 ಮಿ.ಮೀ.ಯಾದರೂ ಖಾಲಿ ಉಳಿಯಬೇಕು, ಏಕೆಂದರೆ ಹಳೆಯ ಬಾಡಿ ಓಡುವಾಗ ತಿರುಚುತ್ತದೆ.

ಬೀಟಲ್‌ನಲ್ಲಿ ಬ್ಯಾಟರಿ ಇರುವುದು ಹಿಂದಿನ ಸೀಟಿನ ಕೆಳಗೆ. ಎತ್ತರದ ಬ್ಯಾಟರಿ ಹಾಕಿ, ಮೇಲಿನ ಮುಚ್ಚಳ ಕಳೆದುಹೋಗಿ, ಭಾರದವರೊಬ್ಬರು ಕೂತರೆ ಸೀಟಿನ ಸ್ಪ್ರಿಂಗು ಟರ್ಮಿನಲ್‌ಗೆ ತಾಗಿ, ಒಳಗಿನ ನಾರಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಇದು ಆ ಕಾರುಗಳನ್ನು ಬಲ್ಲವರಿಗೆಲ್ಲ ಗೊತ್ತಿರುವ ಅಪಾಯ. ಅಲ್ಲಿ ಅಳತೆಗಿಂತ ಗಿಡ್ಡದ ಬ್ಯಾಟರಿಯೇ ಲೇಸು.

ಅಳತೆಗೆ ಪ್ರಪಂಚದಲ್ಲಿ ಮೂರು ಭಾಷೆಗಳಿವೆ. ಅಮೆರಿಕದ ಬಿಸಿಐ ಪದ್ಧತಿಯಲ್ಲಿ ಗುಂಪಿನ ಸಂಖ್ಯೆ: 6 ವೋಲ್ಟಿನ ಗುಂಪು 1 ಸುಮಾರು 232 ಮಿ.ಮೀ. ಉದ್ದ, 181 ಅಗಲ, 238 ಎತ್ತರ. ಗುಂಪು 2ಇ ಹಾವಿನ ಹಾಗೆ ಉದ್ದ, 492 ಮಿ.ಮೀ. ಉದ್ದಕ್ಕೆ 105 ಮಾತ್ರ ಅಗಲ. ಜಪಾನಿನ ಜೆಐಎಸ್ ಪದ್ಧತಿಯಲ್ಲಿ '55ಬಿ24ಎಲ್' ಎಂಬಂಥ ಬರಹ. ನಡುವಿನ ಅಕ್ಷರ ಅಗಲ-ಎತ್ತರದ ವರ್ಗ, 24 ಎಂದರೆ ಉದ್ದ ಸೆಂಟಿಮೀಟರ್‌ನಲ್ಲಿ, ಕೊನೆಯ ಅಕ್ಷರ ಟರ್ಮಿನಲ್ ದಿಕ್ಕು. ಯೂರೋಪಿನ ಡಿಐಎನ್ ಪದ್ಧತಿ ಮೂರನೆಯದು. ಇವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ನಿಮ್ಮ ಮಿಲಿಮೀಟರ್ ಅಳತೆ ಕೈಯಲ್ಲಿದ್ದರೆ ಯಾವ ಪಟ್ಟಿಯನ್ನಾದರೂ ಹೋಲಿಸಬಹುದು.

ಕಂಬದ ದಪ್ಪವನ್ನು ಮರೆಯುವವರು ಬಹಳ. ಯೂರೋಪ್-ಅಮೆರಿಕದ ಅಳತೆಯಲ್ಲಿ ಪಾಸಿಟಿವ್ ಕಂಬದ ಬುಡ ಸುಮಾರು 19.5 ಮಿ.ಮೀ., ನೆಗೆಟಿವ್ 17.9. ಜಪಾನಿನ ಸಣ್ಣ ಕಂಬಗಳು 14.7 ಮತ್ತು 13. ಹಳೆಯ ಕಾರಿನ ದಪ್ಪ ಕ್ಲ್ಯಾಂಪನ್ನು ಸಣ್ಣ ಕಂಬಕ್ಕೆ ಹಾಕಿ, ನಡುವೆ ತಗಡಿನ ಚೂರು ಸಿಕ್ಕಿಸಿ ಬಿಗಿಯುವುದನ್ನು ನೋಡಿರುತ್ತೀರಿ. ಸೀಸದ ಅಡಾಪ್ಟರ್ ಬಳೆ ಸಿಗುತ್ತದೆ, ಅದನ್ನೇ ಹಾಕಿ. ಇಲ್ಲವಾದರೆ ಸರಿಯಾದ ಕಂಬದ ಬ್ಯಾಟರಿ ಹುಡುಕಿ. ಕೆಲವು ಬ್ರಿಟಿಷ್ ಕಾರುಗಳಲ್ಲಿ ಕಂಬದ ಮೇಲೆ ಟೋಪಿಯಂತೆ ಕೂತು ಮೇಲಿನಿಂದ ಸ್ಕ್ರೂ ಇಳಿಯುವ ಕ್ಲ್ಯಾಂಪ್ ಇರುತ್ತದೆ. ನೋಡಲು ಚೆಂದ. ಆ ಸ್ಕ್ರೂವಿಗೆ ಕಂಬದ ನೆತ್ತಿಯಲ್ಲಿ ತೂತು ಬೇಕಾಗುತ್ತದೆ, ಹಾಗಾಗಿ ಹೊಸ ಬ್ಯಾಟರಿಯ ಮೇಲೆ ಡ್ರಿಲ್ ಹಿಡಿಯುವ ಮೊದಲು ವಾರಂಟಿಯ ಷರತ್ತು ಓದಿಕೊಳ್ಳಿ.

5. ಅಂಕಿಗಳಲ್ಲಿ ಯಾವುದು ಮುಖ್ಯ?

ಚೀಟಿಯಲ್ಲಿ ದೊಡ್ಡದಾಗಿ ಬರೆದಿರುವುದು ಸಿಸಿಎ (ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್). ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗೆ, 30 ಸೆಕೆಂಡ್ ಕಾಲ, 12ರ ಬ್ಯಾಟರಿ 7.2 ವೋಲ್ಟಿಗಿಂತ ಇಳಿಯದೆ ಕೊಡಬಲ್ಲ ಕರೆಂಟ್ ಅದು. ಬರೀ 'ಸಿಎ' ಎಂದಿದ್ದರೆ ಸೊನ್ನೆ ಡಿಗ್ರಿಯಲ್ಲಿ ಅಳೆದದ್ದು, ಹಾಗಾಗಿ ಅಂಕಿ ದೊಡ್ಡದಾಗಿ ಕಾಣುತ್ತದೆ. ಹಳೆಯ ಡಿಐಎನ್ ಅಂಕಿ ಅದೇ ಬ್ಯಾಟರಿಗೆ ಇನ್ನೂ ಚಿಕ್ಕದಾಗಿರುತ್ತದೆ. ಬೇರೆಬೇರೆ ಪದ್ಧತಿಯ ಅಂಕಿಗಳನ್ನು ಪಕ್ಕಪಕ್ಕ ಇಟ್ಟು 'ಇದು ಜಾಸ್ತಿ' ಎನ್ನುವುದು ಕಿಲೋವನ್ನೂ ಸೇರನ್ನೂ ಹೋಲಿಸಿದ ಹಾಗೆ.

ಒಂದೂವರೆ ಲೀಟರಿನ ನಾಲ್ಕು ಸಿಲಿಂಡರ್ ಇಂಜಿನ್ನಿಗೆ 300-400 ಸಿಸಿಎ ಧಾರಾಳ. ದೊಡ್ಡ ವಿ8 ಇಂಜಿನ್ನಿಗೆ 550-600 ನೋಡಬಹುದು. ಇನ್ನೂ ಹೆಚ್ಚಿದ್ದರೆ ಸೆಲ್ಫ್ ಸುಟ್ಟುಹೋಗುತ್ತದೆ ಎಂಬ ಮಾತು ಸುಳ್ಳು; ಮೋಟಾರು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಆದರೆ ಹೆಚ್ಚಿನ ಸಿಸಿಎಗಾಗಿ ಅದೇ ಪೆಟ್ಟಿಗೆಯಲ್ಲಿ ಹೆಚ್ಚು, ತೆಳ್ಳಗಿನ ಪ್ಲೇಟುಗಳನ್ನು ತುಂಬಬೇಕಾಗುತ್ತದೆ. ತಿಂಗಳುಗಟ್ಟಲೆ ನಿಂತು, ಆಗಾಗ ಪೂರ್ತಿ ಇಳಿದುಹೋಗುವ ಕಾರಿನಲ್ಲಿ ತೆಳು ಪ್ಲೇಟ್ ಬಾಳುವುದಿಲ್ಲ.

ಹಳೆಯ ಕಾರಿಗೆ ನಾನು ಮೊದಲು ನೋಡುವುದು ಆಂಪಿಯರ್-ಅವರ್ (ಒಳಗಿನ ಒಟ್ಟು ದಾಸ್ತಾನಿನ ಅಳತೆ) ಮತ್ತು ರಿಸರ್ವ್ ಕೆಪ್ಯಾಸಿಟಿ. ಎರಡನೆಯದು, 25 ಆಂಪಿಯರ್ ಎಳೆದರೆ 10.5 ವೋಲ್ಟಿಗೆ ಇಳಿಯಲು ಹಿಡಿಯುವ ನಿಮಿಷಗಳ ಲೆಕ್ಕ. ಏಕೆ ಇದು ಮುಖ್ಯ ಎಂದರೆ, ಡೈನಮೋ ಇರುವ ಕಾರು ಎಷ್ಟೋ ಹೊತ್ತು ಬ್ಯಾಟರಿಯ ಮೇಲೆಯೇ ಓಡುತ್ತದೆ. ಐಡಲ್‌ನಲ್ಲಿ ಡೈನಮೋ ಹೆಚ್ಚುಕಡಿಮೆ ಏನೂ ಕೊಡುವುದಿಲ್ಲ. ಲೂಕಸ್ ಸಿ40 ಡೈನಮೋ ಪೂರ್ತಿ ವೇಗದಲ್ಲಿ ಕೊಡುವುದೇ 22 ಆಂಪಿಯರ್. ರಾತ್ರಿ ಎರಡು 45 ವಾಟಿನ ಹೆಡ್‌ಲೈಟ್, ಹಿಂದಿನ ದೀಪ, ಇಗ್ನಿಷನ್, ಮಳೆಯಾದರೆ ವೈಪರ್ ಎಲ್ಲ ಸೇರಿ ಹದಿನೈದರ ಸುತ್ತ ಖರ್ಚು. ಸಿಗ್ನಲ್ಲಿನಲ್ಲಿ ನಿಂತು ನಿಂತು ಹೋಗುವ ಸಂಜೆ ಖರ್ಚು ಜಾಸ್ತಿ, ಜಮಾ ಸೊನ್ನೆ. ಅಲ್ಲಿ ನಿಮ್ಮನ್ನು ಮನೆಗೆ ತಲುಪಿಸುವುದು ಸಿಸಿಎ ಅಲ್ಲ, ಒಳಗೆ ಉಳಿದಿರುವ ದಾಸ್ತಾನು.

6. ಬ್ಯಾಟರಿಯ ಜಾತಿ: ಡೈನಮೋವನ್ನು ಕೇಳಿ

ಹೆಚ್ಚಿನವರು ಎಡವುವುದು ಇಲ್ಲಿ. ಸಾದಾ ಆಸಿಡ್ ಬ್ಯಾಟರಿ, ಮೆಂಟೆನೆನ್ಸ್-ಫ್ರೀ ಕ್ಯಾಲ್ಸಿಯಂ, ಎಜಿಎಂ, ಜೆಲ್, ಲಿಥಿಯಂ. ಅಂಗಡಿಯಲ್ಲಿ ಎಲ್ಲವೂ ಮಿನುಗುತ್ತವೆ. ನಿಮ್ಮ ಕಾರು ಯಾವುದಕ್ಕೆ ಸರಿಯಾಗಿ ಊಟ ಬಡಿಸಬಲ್ಲದು ಎಂಬುದೇ ಪ್ರಶ್ನೆ.

ಹಳೆಯ ಬ್ಯಾಟರಿ ತುಂಬಿರುವಾಗಲೇ ಅಳೆಯಿರಿ. ಇಂಜಿನ್ 2000 ಆರ್‌ಪಿಎಂ ಆಸುಪಾಸಿನಲ್ಲಿ, ಐದಾರು ನಿಮಿಷ ಬಿಸಿಯಾದ ಮೇಲೆ, ಬ್ಯಾಟರಿ ಕಂಬಗಳ ನಡುವೆ 14ರಿಂದ 14.7 ವೋಲ್ಟ್ ಕಂಡರೆ ರೆಗ್ಯುಲೇಟರ್, ಅಂದರೆ ಮೆಕ್ಯಾನಿಕ್‌ಗಳ ಬಾಯಿಯಲ್ಲಿ ಕಟೌಟ್, ಹದದಲ್ಲಿದೆ. 6ರ ಕಾರಿನಲ್ಲಿ 7ರಿಂದ 7.4. 15 ದಾಟಿತೆಂದರೆ, ಅಥವಾ ಮುಳ್ಳು ಮೇಲೆ ಕೆಳಗೆ ಕುಣಿಯುತ್ತಿದೆ ಎಂದರೆ, ಮೊದಲು ಕಟೌಟ್ ರಿಪೇರಿ.

ಸಾದಾ ಆಸಿಡ್ ಬ್ಯಾಟರಿ ಈ ಏರುಪೇರನ್ನು ತಡೆದುಕೊಳ್ಳುತ್ತದೆ. ಹೆಚ್ಚು ಚಾರ್ಜ್ ಆದರೆ ನೀರು ಒಡೆದು ಅನಿಲವಾಗಿ ಹೊರಹೋಗುತ್ತದೆ, ನೀವು ಡಿಸ್ಟಿಲ್ಡ್ ವಾಟರ್ ತುಂಬಿಸುತ್ತೀರಿ, ಲೆಕ್ಕ ಚುಕ್ತಾ. ಮೂಲ ಡೈನಮೋ, ಮೂಲ ಕಟೌಟ್ ಇರುವ ಕಾರಿಗೆ ಮುಚ್ಚಳ ತೆರೆಯಲು ಬರುವ ಬ್ಯಾಟರಿಯೇ ನನ್ನ ಮೊದಲ ಆಯ್ಕೆ. ಕೆಟ್ಟ ಗುಣವೆಂದರೆ ಆಸಿಡ್ ಆವಿ ತಟ್ಟೆಯನ್ನೂ ಬಣ್ಣವನ್ನೂ ತಿನ್ನುತ್ತದೆ, ನಿಂತಲ್ಲೇ ಬೇಗ ಇಳಿಯುತ್ತದೆ.

ಎಜಿಎಂನಲ್ಲಿ ಆಸಿಡ್ಡನ್ನು ಗಾಜಿನ ನಾರಿನ ಹಾಸು ಹೀರಿಕೊಂಡಿರುತ್ತದೆ. ಸೋರುವುದಿಲ್ಲ, ಅದುರಾಟ ತಡೆಯುತ್ತದೆ, ತಿಂಗಳಿಗೆ ಶೇ. 1ರಿಂದ 3ರಷ್ಟು ಮಾತ್ರ ತಾನಾಗಿ ಇಳಿಯುತ್ತದೆ. ವರ್ಷಕ್ಕೆ ನಾಲ್ಕು ಸಲ ಹೊರಬರುವ ಕಾರಿಗೆ ಇದು ದೊಡ್ಡ ಗುಣ. 6 ವೋಲ್ಟಿನಲ್ಲೂ ಸಿಗುತ್ತದೆ. ಆದರೆ 14.8 ದಾಟಿದ ವೋಲ್ಟೇಜ್ ದಿನವೂ ಬಿದ್ದರೆ ಒಳಗಿನ ನೀರು ಕವಾಟದಿಂದ ಹೊರಹೋಗುತ್ತದೆ, ಮತ್ತೆ ತುಂಬಿಸಲು ಮುಚ್ಚಳವೇ ಇಲ್ಲ. ಕಟೌಟ್ ಹದದಲ್ಲಿದ್ದರೆ ಮಾತ್ರ ಎಜಿಎಂ. ಜೆಲ್ ಇನ್ನೂ ನಾಜೂಕು, ಕಾರಿಗೆ ಬೇಡ.

ಕ್ಯಾಲ್ಸಿಯಂ ಬ್ಯಾಟರಿ ಇಂದಿನ ಕಾರುಗಳ ಆಲ್ಟರ್ನೇಟರ್‌ಗೆ ಹೊಂದುವಂತೆ ಮಾಡಿದ್ದು. ಡೈನಮೋದ ಅರೆಹೊಟ್ಟೆ ಚಾರ್ಜಿನಲ್ಲಿ ಅದು ಪೂರ್ತಿ ತುಂಬುವುದು ಅಪರೂಪ, ಒಮ್ಮೆ ಪೂರ್ತಿ ಇಳಿದರೆ ಚೇತರಿಸಿಕೊಳ್ಳುವುದೂ ಕಷ್ಟ.

ಲಿಥಿಯಂ ಹಗುರ, ನಿಜ. ಆದರೆ ಅದರ ಒಳತಡೆ ತೀರಾ ಕಡಿಮೆ. ಇಳಿದಿರುವಾಗ ಡೈನಮೋ ಕೊಟ್ಟಷ್ಟನ್ನೂ ಒಂದೇ ಸಮನೆ ಎಳೆದುಕೊಂಡು ಅದರ ಸುರುಳಿಯನ್ನು ಕಾಯಿಸುತ್ತದೆ. ಒಳಗಿನ ರಕ್ಷಣಾ ಸರ್ಕ್ಯೂಟ್ ವೋಲ್ಟೇಜ್ ಏರಿತೆಂದು ಓಟದ ನಡುವೆ ಬ್ಯಾಟರಿಯನ್ನು ಕಳಚಿಕೊಂಡರೆ ಬಲ್ಬುಗಳ ಗತಿ ಹೇಳಬೇಕಿಲ್ಲ. ಘನೀಕರಣಕ್ಕಿಂತ ಕೆಳಗಿನ ಚಳಿಯಲ್ಲಿ ಅದನ್ನು ಚಾರ್ಜ್ ಮಾಡಲೂ ಬಾರದು. ಹಳೆಯ ಡೈನಮೋ ಉಳಿಸಿಕೊಂಡವರು ಅದರ ಕಡೆ ನೋಡಬೇಡಿ.

ಇನ್ನೂ ಹಳೆಯ, ಮಾಡೆಲ್ ಎ ಕಾಲದ ಮೂರನೇ ಬ್ರಷ್ಷಿನ ಡೈನಮೋಗಳಿಗೆ ವೋಲ್ಟೇಜ್ ನಿಯಂತ್ರಣವೇ ಇಲ್ಲ. ಬ್ರಷ್ಷನ್ನು ಸರಿಸಿ ಇಷ್ಟು ಆಂಪಿಯರ್ ಎಂದು ನಿಲ್ಲಿಸುವುದಷ್ಟೇ. ಅಲ್ಲಿ ವೋಲ್ಟೇಜನ್ನು ಅಂಕೆಯಲ್ಲಿ ಇಡುವುದೇ ಬ್ಯಾಟರಿ. ಇಂಜಿನ್ ಓಡುತ್ತಿರುವಾಗ ಅದರ ಕೇಬಲ್ ಕಳಚಿದರೆ ದೀಪಗಳು ಒಂದು ಕ್ಷಣ ಬೆಳ್ಳಗೆ ಉರಿದು ಹೋಗುತ್ತವೆ. ಇಂಥ ಕಾರಿಗೆ ಸಾದಾ ಆಸಿಡ್ ಬ್ಯಾಟರಿ, ಬೇರೆ ಮಾತಿಲ್ಲ.

7. ನೋಟದ ಮಾತು

ಪ್ರದರ್ಶನಕ್ಕೆ ಹೋಗುವ ಕಾರಿನಲ್ಲಿ ಪ್ಲಾಸ್ಟಿಕ್ ಬಿಳಿ ಪೆಟ್ಟಿಗೆ ಕಣ್ಣಿಗೆ ಚುಚ್ಚುತ್ತದೆ. ಆ ಕಾಲದ ಬ್ಯಾಟರಿ ಕಪ್ಪು ಗಟ್ಟಿ ರಬ್ಬರಿನದು, ಮೇಲೆ ಡಾಂಬರು, ಸೆಲ್ ಸೆಲ್ಲಿಗೆ ಸೇತುವೆಯಂತೆ ಸೀಸದ ಪಟ್ಟಿ. ಆ ಥರದ ಹೊಸ ಬ್ಯಾಟರಿಗಳನ್ನು ಈಗಲೂ ಮಾಡುತ್ತಾರೆ. ಅಥವಾ ಹಳೆಯ ರಬ್ಬರ್ ಪೆಟ್ಟಿಗೆ ಖಾಲಿ ಮಾಡಿ ಒಳಗೆ ಚಿಕ್ಕ ಎಜಿಎಂ ಅಡಗಿಸುತ್ತಾರೆ. ಎರಡನೆಯದಕ್ಕೆ ಹೋದರೆ ಒಳಗಿನ ಬ್ಯಾಟರಿ ಅಲುಗಾಡದಂತೆ ತುಂಬಬೇಕು, ಗಾಳಿ ಹೊರಹೋಗಲು ದಾರಿ ಬಿಡಬೇಕು. ಹೊರಗೆ ತೆರೆದ ಸೀಸದ ಪಟ್ಟಿ ಇರುವ ಬ್ಯಾಟರಿಯ ಮೇಲೆ ಸ್ಪ್ಯಾನರ್ ಇಟ್ಟು ಮರೆತವರ ಕಥೆಗಳು ಬೇಕಾದಷ್ಟಿವೆ. ಓಡಿಸಲೆಂದೇ ಇಟ್ಟ ಕಾರಿಗೆ ಈ ಅಲಂಕಾರ ನಾನು ಹೇಳಲಾರೆ.

8. ಕೊಳ್ಳುವ ದಿನ

ತಯಾರಾದ ತಿಂಗಳು ಕೇಳಿ. ಆರು ತಿಂಗಳಿಗಿಂತ ಹಳೆಯದಾಗಿ ಕಪಾಟಿನಲ್ಲೇ ಕೂತಿದ್ದು ಬೇಡ. 6 ವೋಲ್ಟಿನವು ನಿಧಾನಕ್ಕೆ ಖರ್ಚಾಗುವ ಸರಕು, ಇಲ್ಲಿ ವಿಶೇಷ ಎಚ್ಚರ. ಮೀಟರ್ ಜೇಬಿನಲ್ಲಿರಲಿ: ಹೊಸ ಬ್ಯಾಟರಿ 12.4ಕ್ಕಿಂತ ಕಡಿಮೆ ತೋರಿಸಿದರೆ ಇನ್ನೊಂದು ತೋರಿಸಿ ಎನ್ನಿ. ಆಸಿಡ್ ಹಾಕದೆ ಒಣಗಿಯೇ ಬರುವ 'ಡ್ರೈ ಚಾರ್ಜ್ಡ್' ಸಿಕ್ಕರೆ ಒಳ್ಳೆಯದು, ಅದರ ಆಯಸ್ಸು ಆಸಿಡ್ ತುಂಬಿದ ದಿನದಿಂದ ಶುರುವಾಗುತ್ತದೆ. ತುಂಬಿದ ಮೇಲೆ ಪ್ಲೇಟುಗಳು ಹೀರಿಕೊಳ್ಳಲು ಅರ್ಧ ಗಂಟೆ ಬಿಟ್ಟು, ಕೆಪ್ಯಾಸಿಟಿಯ ಹತ್ತನೇ ಒಂದರಷ್ಟು ಕರೆಂಟಿನಲ್ಲಿ, ಅಂದರೆ 50 ಆಂಪಿಯರ್-ಅವರ್‌ನದಕ್ಕೆ 5 ಆಂಪಿಯರ್‌ನಲ್ಲಿ, ಪೂರ್ತಿ ಚಾರ್ಜ್ ಮಾಡಿಯೇ ಕಾರಿಗೆ ಹಾಕಿ. ಅರೆಚಾರ್ಜಿನ ಹೊಸ ಬ್ಯಾಟರಿಯನ್ನು ತುಂಬಿಸುವ ಹೊಣೆಯನ್ನು ಮುದಿ ಡೈನಮೋಗೆ ವಹಿಸಬೇಡಿ.

9. ಕೂರಿಸುವುದು

ತೆಗೆಯುವಾಗ ಅರ್ತ್ ಕೇಬಲ್ ಮೊದಲು, ಹಾಕುವಾಗ ಅದೇ ಕಡೆಗೆ. ಪಾಸಿಟಿವ್ ಅರ್ತ್ ಕಾರಿನಲ್ಲಿ ಮೊದಲು ತೆಗೆಯಬೇಕಾದ್ದು ಪಾಸಿಟಿವ್. 'ನೆಗೆಟಿವ್ ಮೊದಲು' ಎಂದು ಕಂಠಪಾಠ ಮಾಡಿದವರು ಇಲ್ಲಿ ಸ್ಪ್ಯಾನರ್ ಬಾಡಿಗೆ ತಾಗಿಸಿ ಕಿಡಿ ಹಾರಿಸುತ್ತಾರೆ. ಉಂಗುರ, ಲೋಹದ ಪಟ್ಟಿಯ ಗಡಿಯಾರ ಬಿಚ್ಚಿಡಿ, ಕಣ್ಣಿಗೆ ಕನ್ನಡಕ ಇರಲಿ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಅದು ಶೇ. 4 ಸೇರಿದರೂ ಒಂದು ಕಿಡಿ ಸಾಕು.

ತಟ್ಟೆ ಖಾಲಿಯಾದಾಗ ಅಡುಗೆ ಸೋಡಾ ಕಲಸಿದ ನೀರು ಹಾಕಿ. ನೊರೆ ಬರುವುದು ನಿಲ್ಲುವವರೆಗೂ ಆಸಿಡ್ ಇದೆ ಎಂದೇ ಅರ್ಥ. ಒಣಗಿಸಿ, ತುಕ್ಕು ಕೆರೆದು, ಬಣ್ಣ ಹಚ್ಚಿ, ಕೆಳಗೆ ರಬ್ಬರ್ ಹಾಸು ಹಾಕಿ. ಬ್ಯಾಟರಿ ಸೀಟಿನ ಕೆಳಗೋ ಡಿಕ್ಕಿಯಲ್ಲೋ ಇದ್ದರೆ ಗಾಳಿನಳಿಗೆ ಇರುವ ಬ್ಯಾಟರಿ ಆರಿಸಿ, ಆ ನಳಿಗೆಯನ್ನು ಕಾರಿನ ಹೊರಕ್ಕೆ ಬಿಡಿ. ಹಿಡಿದಿಡುವ ಪಟ್ಟಿಯನ್ನು ಅಲುಗದಷ್ಟು ಬಿಗಿಯಿರಿ, ಪೆಟ್ಟಿಗೆ ಬಾಗುವಷ್ಟು ಬೇಡ. ಕ್ಲ್ಯಾಂಪನ್ನು ಸುತ್ತಿಗೆಯಿಂದ ಹೊಡೆದು ಇಳಿಸಬಾರದು, ಒಳಗಿನ ಕಂಬದ ಬೆಸುಗೆ ಬಿರಿಯುತ್ತದೆ. ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ.

ಬಹಳ ಕಾಲ ನಿಂತ ಕಾರಾದರೆ ಹೊಸ ಬ್ಯಾಟರಿ ಹಾಕಿದ ಮೇಲೂ ಚಾರ್ಜ್ ದೀಪ ಆರದೇ ಇರಬಹುದು. ಡೈನಮೋ ತನ್ನ ಉಳಿಕೆ ಕಾಂತತ್ವ ಕಳೆದುಕೊಂಡಿರುತ್ತದೆ. ಅದಕ್ಕೆ ಒಂದು ಕ್ಷಣದ ಕರೆಂಟ್ ಕೊಟ್ಟು ಎಬ್ಬಿಸಬೇಕು. ಯಾವ ಟರ್ಮಿನಲ್‌ಗೆ, ಯಾವ ತಂತಿ ಕಳಚಿ ಎಂಬುದು ಲೂಕಸ್, ಡೆಲ್ಕೊ, ಫೋರ್ಡ್ ವ್ಯವಸ್ಥೆಗಳಲ್ಲಿ ಬೇರೆಬೇರೆ. ಮ್ಯಾನ್ಯುಯಲ್ ನೋಡದೆ ಕೈ ಹಾಕಿದರೆ ಕಟೌಟ್ ಸುಡುತ್ತದೆ.

10. ನಿಂತಾಗಿನ ಆರೈಕೆ

ಕಾರು ನಿಂತಿರುವಾಗ ಎಷ್ಟು ಕರೆಂಟ್ ಕದ್ದು ಹರಿಯುತ್ತಿದೆ ಎಂದು ಅರ್ತ್ ಕೇಬಲ್ ಕಳಚಿ, ಮಧ್ಯೆ ಮೀಟರ್ ಇಟ್ಟು ಅಳೆಯಿರಿ. ಮೀಟರ್ ಇರುವಾಗ ಸೆಲ್ಫ್ ಹೊಡೆಯಬೇಡಿ. 50 ಮಿಲಿಆಂಪಿಯರ್ ಎಂದರೆ ಏನೂ ಅಲ್ಲ ಎನಿಸುತ್ತದೆ, ಆದರೆ ಮೂವತ್ತು ದಿನಕ್ಕೆ 36 ಆಂಪಿಯರ್-ಅವರ್. 45ರ ಬ್ಯಾಟರಿಯಲ್ಲಿ ಉಳಿದದ್ದು ಬರೀ 9. ಆದ್ದರಿಂದ ಅರ್ತ್ ಕೇಬಲ್ಲಿಗೆ ಬ್ಯಾಟರಿಯ ಸಂಪರ್ಕ ಕಡಿಯುವ ಒಂದು ಐಸೋಲೇಟರ್ ಸ್ವಿಚ್ ಹಾಕಿಸಿ, ಅಥವಾ 13.2ರಿಂದ 13.6 ವೋಲ್ಟಿನಲ್ಲಿ ಹಿಡಿದಿಡುವ ಮೆಂಟೇನರ್ ಚಾರ್ಜರ್ ಕಟ್ಟಿ. 6ರ ಕಾರಿಗೆ 6ರ ಚಾರ್ಜರ್ರೇ ಬೇಕು. ಸ್ವಿಚ್ ಇರುವ ಚಾರ್ಜರ್ ಆದರೆ ಅದು 12ರಲ್ಲಿಲ್ಲ ಎಂದು ಎರಡು ಸಲ ನೋಡಿ.

ಡ್ಯಾಶ್‌ಬೋರ್ಡಿನ ಗಡಿಯಾರ ಇನ್ನೂ ಓಡುತ್ತಿರುವ ಭಾಗ್ಯವಂತರು ಇದನ್ನು ಮರೆಯಬೇಡಿ. ಹಳೆಯ ವಿದ್ಯುತ್ ಗಡಿಯಾರಗಳಲ್ಲಿ ಎಷ್ಟೋ ನಿಜವಾಗಿ ಸ್ಪ್ರಿಂಗಿನವು. ಒಂದೆರಡು ನಿಮಿಷಕ್ಕೊಮ್ಮೆ ಒಳಗಿನ ಪಾಯಿಂಟ್ ಮುಚ್ಚಿ, ಒಂದು ಸೊಲೆನಾಯ್ಡ್ ಟಕ್ ಎಂದು ಸ್ಪ್ರಿಂಗನ್ನು ಸುತ್ತುತ್ತದೆ. ಬ್ಯಾಟರಿ ಸೋತಾಗ ಸುತ್ತುವಷ್ಟು ಬಲವಿಲ್ಲದೆ ಪಾಯಿಂಟ್ ಮುಚ್ಚಿಯೇ ಉಳಿದು ಸುರುಳಿ ಸುಟ್ಟುಹೋಗುತ್ತದೆ. ಬ್ಯಾಟರಿ ಇಳಿಯುತ್ತಿದೆ ಎಂದು ಅನುಮಾನ ಬಂದ ದಿನವೇ ಗಡಿಯಾರದ ಫ್ಯೂಸ್ ತೆಗೆದಿಡಿ.